ಗುಂಡುಕಲ್ಲು ಮೊದಲು ಮಲಗಿದ ಜೋಲಿ

ನನ್ನ ಸಹಧರ್ಮಿಣಿ ಹರಪನಹಳ್ಳಿಯಿಂದ ಕೊಟ್ಟೂರಿಗೆ ಪಾದಯಾತ್ರೆ ಮಾಡುವೆನೆಂದು ಹರಕೆ ಹೊತ್ತು ಬಹುಕಾಲವಾಗಿತ್ತು. ನಿಧಾನವಾಗಿ ನಡೆಯುವ ಶಕ್ತಿ ಆಕೆಗಿತ್ತು. ನೆಲದ ಮೇಲೆ ಮಲಗಿ ಏಳುವ ಶಕ್ತಿ ಮಾತ್ರ ಮೊಣಕಾಲುಗಳಲ್ಲಿ ಉಳಿದಿರಲಿಲ್ಲ. ಒಮ್ಮೆ ಮಲಗಿದರೆ ಯಾರಾದರೂ ಕೈಹಿಡಿದು ಎಬ್ಬಿಸಬೇಕಾಗಿತ್ತು.

"ಸ್ವಾಮಿ ಹತ್ರ ಹೋಗಾಕ ನನ್ನ ಕಾಲ ಮ್ಯಾಲ ನಾನ ಏಳಬೇಕ್ರಿ. ಎತ್ತಿಸಿಕೊಂಡು ಹೋಗಾದಾದ್ರ ಬಸ್ಸು ಐತಲ್ಲ" ಎನ್ನುತ್ತಿದ್ದಳು.

ದಾರಿಯಲ್ಲಿ ಒಂದು ರಾತ್ರಿ ತಂಗದೆ ಅಷ್ಟು ದೂರ ಸಾಗುವುದು ನಮ್ಮ ವಯಸ್ಸಿಗೆ ಆಗದ ಮಾತು. ಹೀಗಾಗಿ ಆಕೆಯ ಹರಕೆಯೆಲ್ಲ ಆ ಒಂದು ರಾತ್ರಿಯ ಹಾಸಿಗೆಯ ಮೇಲೆ ನಿಂತಿತ್ತು.

ಬಸ್ ನಿಲ್ದಾಣದ ಬಳಿ ತಾಡಪತ್ರಿ, ಹಗ್ಗ ಮಾರುವ ಅಂಗಡಿಯೊಂದಿದೆ. ಮರದಿಂದ ಮರಕ್ಕೆ ಕಟ್ಟುವ, ಸೊಳ್ಳೆಪರದೆಯುಳ್ಳ ಜೋಲಿಗಳನ್ನು ಈಚೆಗೆ ಅಲ್ಲಿ ತರಿಸಿಟ್ಟಿದ್ದರು. ನೆಲಕ್ಕೆ ಒರಗದೆ ಮಲಗಬಹುದಲ್ಲ ಎಂದು ಆಕೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಒಂದನ್ನು ಕೊಕ್ಕೆಗಳಿಗೆ ಸಿಕ್ಕಿಸಿ, ಕೈಯಿಂದ ತೂಗಿ ತೋರಿಸಿದ.

"ಏ ತಮ್ಮಾ, ಖಾಲಿ ತೊಟ್ಟಿಲ ತೂಗತಾರೇನೋ? ನಿಮ್ಮವ್ವ ಹೇಳಿಲ್ಲೇನು?" ಎಂದು ಆಕೆ ತಡೆದಳು.

"ಇದು ತೊಟ್ಟಿಲಲ್ಲ ಅಮ್ಮಾರ, ಹ್ಯಾಮಕ್ಕು."

"ಮಲಗಿಸಿ ತೂಗಾದೆಲ್ಲ ತೊಟ್ಟಿಲನ."

ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ, ಅದಕ್ಕೂ ಮುಂಚೆ ರುಬ್ಬುವ ಗುಂಡುಕಲ್ಲಿಗೆ ಕುಲಾವಿ ತೊಡಿಸಿ, ಗುಂಡಪ್ಪನೆಂದು ಕರೆದು ಮಲಗಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆಕೆ ಪಕ್ಕದ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಿಂದ ಚಟ್ನಿ ಅರೆಯುವ ಕಲ್ಲನ್ನು ಬೇಡಿ ತಂದು, ಕರವಸ್ತ್ರದಲ್ಲಿ ಸುತ್ತಿ, ಭಕ್ತಿಯಿಂದ ಜೋಲಿಯಲ್ಲಿಟ್ಟಳು. ಇಟ್ಟೊಡನೆ ಬಟ್ಟೆ ಜಗ್ಗಿತು. ಪರದೆ ಇಳಿದು ಕಲ್ಲಿನ ಮೇಲೆಯೇ ಬಿದ್ದಿತು.

"ನೋಡ್ರಿ, ಗುಂಡಪ್ಪನ ಮಾರಿಗೆ ಪರದಿ ಹತ್ತೈತಿ. ನಾಳೆ ನನ್ನ ಮಾರಿಗೂ ಹತ್ತತೈತಿ. ಸೊಳ್ಳಿ ಹೊರಗ ಕುಂತ ಊಟ ಮಾಡತಾವ."

ಎರಡನೆಯದರಲ್ಲಿ ತಲೆಯ ಮೇಲೆ ಉದ್ದಕ್ಕೆ ಒಂದು ದಾರವಿತ್ತು. ಪರದೆ ಅದರಿಂದ ಇಳಿಬಿದ್ದು ಪುಟ್ಟ ಮಂಟಪದಂತೆ ನಿಂತಿತು. ಒಳಗೆ ಕುಳಿತು, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸಲು ಬೇಕಾದಷ್ಟು ಎತ್ತರ. ನನ್ನ ಮನಸ್ಸು ಅಲ್ಲಿಯೇ ಒಪ್ಪಿತು. ಆಕೆ ಒಪ್ಪಲಿಲ್ಲ. ಅಡಿಯ ಬಟ್ಟೆಯನ್ನು ಬೆರಳಲ್ಲಿ ಹಿಸುಕಿ, ಒಂದೇ ಪದರ, ಸೊಳ್ಳೆಗಳು ಕೆಳಗಿನಿಂದ ಬೆನ್ನಿಗೆ ಕಚ್ಚುತ್ತವೆ ಎಂದಳು. ಪರದೆಯ ಕಣ್ಣುಗಳನ್ನು ಬೆಳಕಿಗೆ ಹಿಡಿದು, "ಇದು ರವಾದ ಜರಡಿ ಆತು. ನನಗ ಹಿಟ್ಟಿನ ಜರಡಿ ಬೇಕು, ಸಣ್ಣ ಗುಂಗಾಡು ಸೈತ ನುಸೀಬಾರದು" ಎಂದಳು.

"ಅಮ್ಮಾರ, ಹೆಣ್ಣು ನೋಡಾಕ ಬಂದೋರಂಗ ನೋಡಾಕತ್ತೀರಲ್ಲ!"

"ಹೆಣ್ಣು ನೋಡಾಕ ಬಂದಾಗ ಇವರು ಇಷ್ಟೂ ನೋಡಿರಲಿಲ್ಲ ತಮ್ಮಾ. ಉಪ್ಪಿಟ್ಟು ತಿಂದ್ರು, ಆತು ಅಂದ್ರು."

ಉಪ್ಪಿಟ್ಟು ರುಚಿಯಾಗಿತ್ತೆಂಬುದನ್ನು ನಾನು ಅಲ್ಲಿ ಹೇಳಲಿಲ್ಲ.

ಕೊನೆಗೆ ಎರಡು ಪದರದ ತಳವಿರುವ, ಹಿಟ್ಟಿನ ಜರಡಿಯಂತಹ ಪರದೆಯ, ಯಾವ ಮಗ್ಗುಲಿಗೆ ಬೇಕಾದರೂ ಇಳಿಯಲು ಎರಡೂ ಕಡೆ ಜಿಪ್ ಇರುವ ಜೋಲಿಯನ್ನು ಆರಿಸಿದಳು. ನಾನು ಕೇಳಿದ್ದು ಒಂದೇ: ಮರದ ತೊಗಟೆ ನೋಯದಂತೆ ಹಗ್ಗದ ಬದಲು ಅಗಲವಾದ ಪಟ್ಟಿ ಇರಲಿ ಎಂದು. ಹೊಗೆ ಹಾಕದೆ, ಒಂದು ಜೀವವನ್ನೂ ಹೊಸಕದೆ, ಸೊಳ್ಳೆಯನ್ನು ಅದರ ಪಾಡಿಗೆ ಬಿಟ್ಟು ಮನುಷ್ಯನನ್ನು ಅವನ ಪಾಡಿಗೆ ಮಲಗಿಸುವ ಈ ವಸ್ತುವಿನ ಮೇಲೆ ನನಗೆ ಗೌರವ ಹುಟ್ಟಿತ್ತು.

ಯಾತ್ರೆಯ ದಿನ ಮನೆಯ ಗುಂಡುಕಲ್ಲು ನನ್ನ ಚೀಲ ಸೇರಿತು. ಅಂಗಡಿಯಲ್ಲಿ ಮಲಗಿಸಿದ್ದು ಪರೀಕ್ಷೆಗೆ, ಮರಕ್ಕೆ ಕಟ್ಟಿದಾಗ ಶಾಸ್ತ್ರ ಬೇರೆ ಎಂದು ಆಕೆಯ ವಾದ. ಹೆಗಲು ನೋಯುತ್ತಿದ್ದರೂ ವಾದದಲ್ಲಿ ದೋಷ ಕಾಣಲಿಲ್ಲ.

ಚಿಗಟೇರಿಯ ಹತ್ತಿರ, ಮೆಕ್ಕೆಜೋಳದ ಹೊಲದ ಬದುವಿನಲ್ಲಿ, ಹೊಲದವರ ಅಪ್ಪಣೆ ಪಡೆದು ಸಂಜೆ ಎರಡು ಬೇವಿನ ಮರಗಳ ನಡುವೆ ಜೋಲಿ ಕಟ್ಟಿದೆ. ಬಟ್ಟೆ ಒಣಹಾಕುವ ತಂತಿಯಂತೆ ಬಿಗಿದಿದ್ದೆ.

"ಸಡ್ಲ ಬಿಡ್ರಿ. ಕುಂತ್ರ ಪಾದ ನೆಲಕ್ಕ ಹತ್ತಬೇಕು. ಇಲ್ಲಂದ್ರ ಮುಂಜಾನಿ ಮತ್ತ ನಿಮ್ಮ ಕೈನ ಬೇಕಾಕ್ಕತಿ."

ಸಡಿಲಿಸಿದೆ. ಗುಂಡಪ್ಪ ಮಲಗಿ ಎದ್ದ ಮೇಲೆ ಆಕೆ ಮಲಗಿದಳು. ಪಕ್ಕದಲ್ಲಿ ಕಂಬಳಿ ಹಾಸಿಕೊಂಡು, ಮುಸುಕೆಳೆದು ನಾನೂ ಒರಗಿದೆ.

ಬೆಳಕು ಹರಿಯುವಾಗ ಜಿಪ್ಪಿನ ಸದ್ದಾಯಿತು. ಪರದೆ ಸರಿದು ಎರಡು ಪಾದಗಳು ಹೊರಬಂದು ನೆಲ ಮುಟ್ಟಿದವು. ಅಭ್ಯಾಸಬಲದಿಂದ ಧಾವಿಸಿ ಕೈ ನೀಡಿದೆ. ಆಕೆ ಅದನ್ನು ನೋಡಿದಳು, ಹಿಡಿಯಲಿಲ್ಲ. ಜೋಲಿಯ ಅಂಚಿಗೆ ಅಂಗೈಯೂರಿ, ಸ್ವಾಮಿಯ ಹೆಸರು ಹೇಳಿ, ತಾನೇ ಎದ್ದು ನಿಂತಳು. ಕೊಟ್ಟೂರಿನ ದಿಕ್ಕಿಗೆ ಮುಗಿದ ಆ ಕೈಗಳನ್ನು ಕಂಡು ನನ್ನ ಕೈಗಳೂ ತಾವಾಗಿಯೇ ಮುಗಿದವು.

ಮುಖ ತೊಳೆಯಲು ಹೊಲದ ಪಂಪ್‌ಸೆಟ್ಟಿನ ಕಡೆ ಹೊರಟವಳು ತಿರುಗಿ, "ತೊಟ್ಟಿಲ ಖಾಲಿ ಬಿಡಬಾರದು. ನಾ ಬರೂತನಕ ನೀವು ಮಲಗ್ರಿ" ಎಂದಳು.

ಮಲಗಿದೆ. ಬೇವಿನ ಎಲೆಗಳು ಪರದೆಯಾಚೆ ತೂಗುತ್ತಿದ್ದವು. ಇಂತಹ ಸುಖವನ್ನು ಕೂಸುಗಳಿಗೆ ಮಾತ್ರ ಬಿಟ್ಟುಕೊಟ್ಟಿದ್ದೆವಲ್ಲ ಎನ್ನಿಸಿತು.

"ಏಳ್ರಿ ಗುಂಡಪ್ಪಾರ, ಕೊಟ್ಟೂರು ಇನ್ನೂ ದೂರ ಐತಿ" ಎಂಬ ದನಿ ಕೇಳಿ ಕಣ್ಣು ತೆರೆದೆ. ಏಳಲು ಆಕೆಯ ಕೈ ಹಿಡಿದವನು ನಾನು.