ಮೀನಕ್ಕನ ಮೂಗು

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ, ಕಾಯುವವರ ಕುರ್ಚಿಗಳ ಎದುರಿಗೆ, ಉದ್ದನೆಯದೊಂದು ಮೀನಿನ ತೊಟ್ಟಿ ಇದೆ. ಒಳಗಿನ ಡ್ರಿಲ್ಲಿನ ಸದ್ದಿಗೆ ಬೆವರುವವರು ನೋಡಿಕೊಂಡು ಕೂರಲಿ ಎಂದು ಇಟ್ಟದ್ದು. ತಳದಲ್ಲಿ ನುಣ್ಣನೆಯ ಮರಳು, ಅಂದಕ್ಕೆಂದು ಒಂದು ಮೂಲೆಯಲ್ಲಿ ಅದರದೇ ದಿಬ್ಬ. ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ತೊಟ್ಟಿ ತೊಳೆಯಲು ಬಂದಿದ್ದ ಮೀನಕ್ಕ ಸ್ಟೂಲಿನ ಮೇಲೆ ನಿಂತು, ಕೊಳೆ ಹೀರುವ ಕೊಳವೆಯನ್ನು ಆ ದಿಬ್ಬಕ್ಕೆ ಇಳಿಸಿದಳು. ಮಸಿಯಂಥ ಕಪ್ಪು ಮೇಲೆದ್ದಿತು. ಗುಳ್ಳೆಗಳು ಬುಳುಬುಳು ಬಂದವು. ಅಲ್ಲಿ ನೀರುಗಿಡದ ದಪ್ಪ ಬೇರೊಂದು ಕೊಳೆತಿರಬೇಕೆಂದುಕೊಂಡು ಇನ್ನಷ್ಟು ಕದಡಿದಳು.

'ಥೂ, ಏನಕ್ಕಾ ಇದು, ಕೊಳೆತ ಮೊಟ್ಟೆ ವಾಸನೆ!' ಚೀಟಿ ಬರೆಯುವ ಹುಡುಗಿ ಮೂಗು ಮುಚ್ಚಿಕೊಂಡು ಬಾಗಿಲಿಗೆ ಓಡಿದಳು. 'ಡಾಕ್ಟರಮ್ಮ ಬಂದ್ರೆ ನನ್ನ ಹಲ್ಲನ್ನೇ ಕೀಳ್ತಾರೆ!'

ಮೀನಕ್ಕ ಕೊಳವೆಯನ್ನು ಸರಕ್ಕನೆ ಮೇಲೆತ್ತಿದಳು. ಅವಳಿಗೆ ಯಾವ ವಾಸನೆಯೂ ಬಂದಿರಲಿಲ್ಲ.

ಬಹಳ ಕಾಲ ಕೈಯಾಡಿಸದ ಮರಳಿನಡಿ ಕೊಳೆ ಕೂತು, ಒಂದು ವಿಷದ ಗಾಳಿ ಕಟ್ಟಿಕೊಳ್ಳುತ್ತದೆ. ಮೊದಲ ಗುಳ್ಳೆಗೇ ಅದು ಮೂಗಿಗೆ ಬಡಿಯುತ್ತದೆ, ಬಡಿದ ಕೂಡಲೇ ಕೊಳವೆ ಎತ್ತಬೇಕು. ಇದನ್ನು ಅವಳೇ ಹತ್ತಾರು ಮನೆಯವರಿಗೆ ಹೇಳಿಕೊಟ್ಟಿದ್ದಳು. ಊರಿನ ತೊಟ್ಟಿಗಳನ್ನು ತೊಳೆದು ನೀರು ಬದಲಿಸುವ ಈ ಕೆಲಸವನ್ನು ಗಂಡನ ತಂಗಿಯ ಜೊತೆ ಸೇರಿ ಮಾಡುತ್ತ ಬಂದವಳು ಅವಳು. ನಾದಿನಿ ಬಕೆಟ್ ಹೊರುವುದು, ಅತ್ತಿಗೆ ಮೂಸುವುದು ಎಂದು ಇಬ್ಬರ ನಡುವೆ ಪಾಲು. ನಲ್ಲಿ ನೀರಿಗೆ ಕ್ಲೋರಿನ್ ಕಳೆಯುವ ಹನಿ ಹಾಕಿ ಕಲಕಿದ ಮೇಲೆ ಮೀನಕ್ಕ ಬಕೆಟ್ಟಿನ ಮೇಲೆ ಬಗ್ಗಿ ಒಂದು ಉಸಿರು ಎಳೆದು 'ಹ್ಞೂಂ' ಅಂದರೆ ಮಾತ್ರ ನೀರು ತೊಟ್ಟಿಗೆ. 'ನಮ್ಮತ್ತಿಗೆ ಪೊಲೀಸ್ ಸೇರಿದ್ರೆ ನಾಯಿಗಳಿಗೆ ಕೆಲಸ ಇರ್ತಿರಲಿಲ್ಲ' ಎಂದು ನಾದಿನಿ ಹೋದಲ್ಲೆಲ್ಲ ನಗಿಸುತ್ತಿದ್ದಳು.

ಚಳಿಗಾಲದಲ್ಲಿ ಬಂದ ಜ್ವರ ಹೋಯಿತು. ಹೋಗುವಾಗ ಮೂಗನ್ನೂ ಒಯ್ದಿತು. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಮೀನಕ್ಕ ಬಾಯಿ ಬಿಡದೆ ಕಾದಳು. ಒಲೆಯ ಮೇಲೆ ಸಾರು ಸೀದಾಗ ಗಂಡನ ಮೇಲೆ ರೇಗಿದಳು. ಬಕೆಟ್ಟಿನ ಮೇಲೆ ಬಗ್ಗುವುದನ್ನು ಬಿಡಲಿಲ್ಲ, 'ಹ್ಞೂಂ' ಅನ್ನುವುದನ್ನೂ ಬಿಡಲಿಲ್ಲ. ಮೂಸಲಾಗದವಳಿಗೆ ಈ ಕೆಲಸದಲ್ಲಿ ಉಳಿಯುವುದೇನು ಎಂಬ ಪ್ರಶ್ನೆ ರಾತ್ರಿ ಹಗಲು ಕೊರೆಯುತ್ತಿತ್ತು. ಬಕೆಟ್ ಹೊರಲು ಸೊಂಟದಲ್ಲಿ ಬಲವಿರಲಿಲ್ಲ.

ಈಗ ತೊಟ್ಟಿಯ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎರಡು ಆಗಲೇ ವಾಲಿದ್ದವು.

'ನೀರು ತಾರೇ, ಬೇಗ! ಅರ್ಧ ತೊಟ್ಟಿ ಬದಲಿಸಬೇಕು' ಎಂದು ಹಿತ್ತಿಲಲ್ಲಿದ್ದ ನಾದಿನಿಗೆ ಕೂಗಿದಳು.

ನಾದಿನಿ ಹಿಂದಿನ ನಲ್ಲಿಯಿಂದ ಬಕೆಟ್ ತುಂಬಿಸಿ, ಹನಿ ಹಾಕಿ ಕಲಕಿ ತಂದಿಟ್ಟಳು. ಮೀನಕ್ಕ ಬಗ್ಗಿದಳು. ಉಸಿರೆಳೆದಳು.

'ಹ್ಞೂಂ. ಸುರಿ.'

ನಾದಿನಿ ಬಕೆಟ್ ಎತ್ತಿದವಳು ಹಾಗೇ ನಿಂತಳು. 'ಅತ್ತಿಗೆ, ತಮಾಷೆ ಮಾಡ್ತಿದ್ದೀರಾ? ಬೀದಿ ಪೈಪ್ ರಿಪೇರಿ ಮಾಡಿ ಏನು ಸುರಿದಿದ್ದಾರೋ, ಹನಿ ಹಾಕಿದ್ರೂ ಕ್ಲೋರಿನ್ ವಾಸನೆ ಮೂಗಿಗೆ ಹೊಡೀತಿದೆ. ಈ ನೀರಲ್ಲಿ ಬಾಯಿ ಮುಕ್ಕಳಿಸಿದ್ರೆ ಹಲ್ಲಿನ ಹುಳವೆಲ್ಲ ಸತ್ತು ಡಾಕ್ಟರಮ್ಮ ಅಂಗಡಿ ಮುಚ್ಚಬೇಕಾಗುತ್ತೆ.'

ಮೀನಕ್ಕ ತೊಟ್ಟಿಯ ಕಡೆ ತಿರುಗಿದಳು.

'ಇನ್ನೊಂದ್ಸಲ ಮೂಸಿ.'

'ಇನ್ನೊಂದು ಮುಚ್ಚಳ ಹನಿ ಹಾಕು' ಎಂದಳು ಮೀನಕ್ಕ, ತೊಟ್ಟಿಯ ಕಡೆಗೇ ನೋಡುತ್ತ.

'ಹಾಕ್ತೀನಿ. ನೀವು ಮೊದಲು ಹೇಳಿ. ವಾಸನೆ ಬರ್ತಿದೆಯಾ, ಇಲ್ವಾ?'

ಮೀನೊಂದು ಮಗುಚಿ ಬಿಳಿ ಹೊಟ್ಟೆ ತೋರಿಸಿತು.

'ಇಲ್ಲ ಕಣೆ.'

'ಯಾವಾಗಿಂದ?'

'ಜ್ವರ ಬಂದಾಗಿಂದ.'

ನಾದಿನಿ ಹನಿ ಹಾಕಿದಳು, ಕಲಕಿದಳು, ತಾನೇ ಬಗ್ಗಿ ಮೂಸಿ ಮತ್ತೊಂದಿಷ್ಟು ಹಾಕಿದಳು, ತೊಟ್ಟಿಗೆ ಮೆಲ್ಲಗೆ ಸುರಿದಳು. ಎರಡನೆಯ ಬಕೆಟ್ ಹೊತ್ತು ತರುವಾಗ ಅವಳ ಮುಖ ಬೇರೆಯಾಗಿತ್ತು. ವಕೀಲರ ಮನೆಯ ಲೆಕ್ಕ ಅವಳ ತಲೆಯೊಳಗೆ ಸರಿ ಕೂತಿತ್ತು. ಹೋದ ತಿಂಗಳು ಅಲ್ಲಿ ನೀರು ಬದಲಿಸಿ ಬಂದ ಸಂಜೆಯೇ ತೊಟ್ಟಿಯ ಮೀನುಗಳೆಲ್ಲ ಸತ್ತಿದ್ದವು. ಅವತ್ತು 'ಹನಿ ಹಾಕಿದ್ದೆಯೇನೇ?' ಎಂದು ಮೀನಕ್ಕ ವಕೀಲರ ಎದುರಿಗೇ ಕೇಳಿದ್ದಳು. ಹಾಕಿದ ನೆನಪಿದ್ದರೂ, ಮೂಗು ತಪ್ಪುವುದಿಲ್ಲವೆಂದು ನಂಬಿದ್ದ ನಾದಿನಿ, ಮರೆತಿರಬೇಕು ಎಂದು ತಾನೇ ಕೈಮುಗಿದು ಕ್ಷಮೆ ಕೇಳಿದ್ದಳು. ವಕೀಲರ ಮಗಳು ಅತ್ತದ್ದನ್ನು ನೆನೆದು ಆಮೇಲೆ ಅನ್ನ ಬಿಟ್ಟಿದ್ದಳು.

'ಅವತ್ತು ನಾನು ಹಾಕಿದ್ದೆ' ಎಂದಳು ನಾದಿನಿ.

'ಗೊತ್ತು.'

'ಅಲ್ಲೇ ಗೊತ್ತಿತ್ತಾ?'

'ಮನೆಗೆ ಬಂದ ಮೇಲೆ ಗೊತ್ತಾಯ್ತು.'

'ನನಗೆ ಪಕ್ಕದಲ್ಲಿ ಕೂತು ಸಮಾಧಾನ ಬೇರೆ ಮಾಡಿದ್ರಲ್ಲ ಅತ್ತಿಗೆ. ಎಲ್ರೂ ಮರೀತಾರೆ, ಬಿಡು ಅಂತ.'

ಮೀನಕ್ಕ ಗಾಳಿ ಊದುವ ಯಂತ್ರವನ್ನು ಜೋರು ಮಾಡಿ, ಹಳೆಯ ನೀರನ್ನು ಕೊಳವೆಯಿಂದ ಹೊರಗೆ ಬಿಡುತ್ತ ನಿಂತಳು. ಚೀಟಿ ಬರೆಯುವ ಹುಡುಗಿ ಬಾಗಿಲಲ್ಲಿ ಇಣುಕಿ, ಇಬ್ಬರ ಮುಖ ನೋಡಿ, ಏನೂ ಕೇಳದೆ ಕಿಟಕಿಗಳನ್ನು ತೆರೆದು ಹೋದಳು.

ಮೂರು ಮೀನು ಸತ್ತವು. ಉಳಿದವು ಮಧ್ಯದ ನೀರಿಗೆ ಇಳಿದವು, ಆದರೂ ಕಿವಿರುಗಳು ಇನ್ನೂ ಬಿರುಸಾಗಿ ಬಡಿಯುತ್ತಿದ್ದವು. ಬದುಕುತ್ತವೋ ಇಲ್ಲವೋ ಸಂಜೆಯವರೆಗೆ ಹೇಳಲು ಬರುವಂತಿರಲಿಲ್ಲ.

'ಡಾಕ್ಟರಮ್ಮನಿಗೆ ನಾನೇ ಹೇಳ್ತೀನಿ' ಎಂದಳು ಮೀನಕ್ಕ. 'ವಕೀಲರ ಮನೆಗೂ ಹೋಗ್ತೀನಿ. ಆ ಮಗುವಿಗೂ ಹೇಳ್ತೀನಿ.'

'ಹೋಗಿ. ನಾನು ಜೊತೆಗೆ ಬರಲ್ಲ.'

ನಾದಿನಿ ಖಾಲಿ ಬಕೆಟ್ ಎತ್ತಿಕೊಂಡು ಹಿಂದಿನ ನಲ್ಲಿಗೆ ನಡೆದಳು. ತುಂಬಿದ ಬಕೆಟ್ ತಂದು, ಹನಿ ಹಾಕಿ, ಕಲಕಿ, ಬಗ್ಗಿ ಮೂಸಿದಳು. ಅತ್ತಿಗೆಯ ಕಡೆ ತಿರುಗಿಯೂ ನೋಡದೆ ನೀರನ್ನು ತೊಟ್ಟಿಗೆ ಸುರಿದಳು. ಮೀನಕ್ಕ ಸ್ಟೂಲಿನಿಂದ ಇಳಿದು ಅವಳಿಗೆ ಜಾಗ ಬಿಟ್ಟಳು.