ತಣ್ಣಗಾದ ಮೇಲೆ ಅಳೆದ ಎಣ್ಣೆ

ನಮ್ಮ ಗಾಡಿಗೆ ಕ್ಲಚ್ ಇಲ್ಲ. ನಮ್ಮ ಮನೆಯವರಿಗೆ ಎಡಗಾಲು ಇಲ್ಲ. ಅದಕ್ಕೇ ಆ ಗಾಡಿ ತಂದದ್ದು, ಅಂದಚಂದಕ್ಕಲ್ಲ. ಸಕ್ಕರೆ ಬ್ಯಾನಿಯಿಂದ ಪಾದ ಕಪ್ಪಾಗಿ, ರಾಯಚೂರಿನ ದವಾಖಾನೆಯಲ್ಲಿ ಮೊಣಕಾಲ ಕೆಳಗೆ ತೆಗೆದರು. ಗದ್ವಾಲದಲ್ಲಿ ಕೆಲಸ ಬಿಟ್ಟು ಮನೆಯಲ್ಲಿ ಕೂತ ಒಬ್ಬ ಡಾಕ್ಟರ ಹತ್ತಿರ ಈ ಗಾಡಿ ಇತ್ತು. ಆಗಲೇ ಹಳೇದು. ಗೇರು ತಾನೇ ಬದಲಾಗುತ್ತದೆ, ಬ್ರೇಕಿಗೂ ಎಕ್ಸಲೇಟರಿಗೂ ಬಲಗಾಲೊಂದೇ ಸಾಕು ಅಂದರು. ತಂದೆವು.

ನಾರಾಯಣಪೇಟೆಯಲ್ಲಿ ನಮ್ಮದು ತುಪ್ಪದ ವ್ಯಾಪಾರ. ಮಲ್ದಕಲ್, ಇಟಿಕ್ಯಾಲ ಕಡೆ ಎಮ್ಮೆ ಕಟ್ಟಿದ ಹೆಂಗಸರ ಹತ್ತಿರ ಕೊಂಡು ತಂದು ಇಲ್ಲಿ ಮಾರುತ್ತೇವೆ. ಗಾಡಿ ಓಡಿಸುವುದು ಅವರು, ತುಪ್ಪ ನೋಡಿ ತಗೊಳ್ಳುವುದು ನಾನು. ಗಾಡಿ ನಿಂತರೆ ವ್ಯಾಪಾರ ಹೇಗೋ ನಡೆದೀತು. ಬಸ್ಸಿದೆ, ಆಟೋ ಇದೆ. ಅವರು ನಡೆಯುವುದಿಲ್ಲ. ಕಾಲು ತೆಗೆದ ವರ್ಷ ಅವರು ಮಂಚದ ಮೇಲಿದ್ದದ್ದು ನಾನು ನೋಡಿದ್ದೇನೆ. ಫ್ಯಾನು ತಿರುಗಿದರೆ ಸಪ್ಪಳ, ನಿಂತರೆ ಸೆಕೆ. ಬಾಗಿಲು ತೆರೆದರೆ ಮಂದಿ ನೋಡುತ್ತಾರೆ, ಮುಚ್ಚಿದರೆ "ಈಗಲೇ ಹುಗದಿಯೇನು" ಅನ್ನುತ್ತಿದ್ದರು. ಆಟೋದಲ್ಲಿ ಎತ್ತಿ ಕೂಡಿಸಲು ಬಂದವನ ಕೈ ಮೇಲೆ ಹೊಡೆದರು. ಸ್ಟೇರಿಂಗ್ ಹಿಡಿದ ಮೇಲೆ ಮತ್ತೆ ಮನುಷ್ಯರಾದರು. ಆ ಮಂಚ ನನಗೆ ಇನ್ನೊಮ್ಮೆ ಬೇಡ. ನನ್ನ ಮಾತು ಇಷ್ಟೇ.

ಹೋದ ವರ್ಷ ಗಾಡಿ ಜಗ್ಗತೊಡಗಿತು. ಗೇರು ಹಾಕಿದರೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಹೊರಡುತ್ತಿತ್ತು. ಅದನ್ನು ಮೊದಲು ಬಾಯಿ ಬಿಟ್ಟು ಹೇಳಿದವನು ನನ್ನ ಮೈದುನ. ಅವನ ಮನೆ ನಮ್ಮ ಗೋಡೆಗೆ ಹತ್ತಿಕೊಂಡೇ ಇದೆ.

"ವೈನಿ, ಗೇರ್ ಬಾಕ್ಸ್ ಹೊಂಟೈತಿ ಇದು. ಪೂರ್ತಿ ಕೆಡೂದರೊಳಗ ಮಾರಿಬಿಡ್ರಿ."

"ಕೆಡೋ ಗಾಡಿ ಯಾರು ತಗೋತಾರಪ್ಪ?"

"ಯಾರರ ಸಿಗ್ತಾರ. ಯಾರೂ ಸಿಗಲಿಲ್ಲಂದ್ರ ನಾನೇ ಇಟ್ಕೊಂತೀನಿ."

ಕೆಡುವ ಗಾಡಿ ಇಟ್ಟುಕೊಳ್ಳಲು ಇವನಿಗೇನು ಹುಚ್ಚೇ? ಗಾಡಿ ಅಷ್ಟು ಕೆಟ್ಟಿಲ್ಲ ಅಂತ ಇವನಿಗೆ ಗೊತ್ತಿದೆ ಅಂದುಕೊಂಡೆ. ಗೇರಿನ ಎಣ್ಣೆ ಬದಲಿ ಮಾಡಿದರೆ ಸರಿಯಾದೀತು, ಮಕ್ತಲ್‌ನಲ್ಲಿ ಒಬ್ಬ ಮಿಸ್ತ್ರಿ ಇದ್ದಾನೆ ಅಂದವನೂ ಅವನೇ. ಮಾರು ಅನ್ನುವವನೂ ಇವನೇ, ರಿಪೇರಿ ಮಾಡಿಸು ಅನ್ನುವವನೂ ಇವನೇ. ಇವನೂ ಆ ಮಿಸ್ತ್ರಿಯೂ ಮಕ್ತಲ್ ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ಬೆಂಚಿನ ಮೇಲೆ ಚಹಾ ಕುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೆ.

ನಮ್ಮೂರಿನ ಟಯರ್ ಅಂಗಡಿಯವನು ಇದಕ್ಕೆ ಉಲ್ಟಾ ಹೇಳಿದ. ಹಳೇ ಗಾಡಿಯ ಗೇರಿನ ಎಣ್ಣೆ ಮುಟ್ಟಲೇಬೇಡ್ರಿ, ಒಳಗಿನ ಕೊಳೆಯೇ ಗೇರು ಹಿಡಿದಿಟ್ಟಿರುತ್ತದೆ, ತೆಗೆದರೆ ಜಾರುತ್ತದೆ ಅಂದ. ಅವನ ಹತ್ತಿರ ಆ ಎಣ್ಣೆ ಇಲ್ಲ, ಅದಕ್ಕೆ ಹೀಗೆ ಹೇಳುತ್ತಾನೆ ಅಂತ ನನ್ನ ಲೆಕ್ಕ. ಇಬ್ಬರನ್ನೂ ನಂಬಲಿಲ್ಲ. ಆದರೆ ಗಾಡಿ ಜಗ್ಗುವುದು ಖರೆ. ಮಕ್ತಲ್‌ಗೆ ಹೋದೆವು.

ಮಿಸ್ತ್ರಿ ದಪ್ಪ ಮನುಷ್ಯ, ಬಾಯಲ್ಲಿ ಸದಾ ಸೋಂಪು. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗೆ ಇಳಿದ. ನನಗೆ ಕುರ್ಚಿ ಹಾಕಿಸಿದ. ನಾನು ಕೂಡಲಿಲ್ಲ, ಗುಂಡಿಯ ಅಂಚಿಗೆ ಹೋಗಿ ನಿಂತೆ.

"ಅವ್ವಾ, ಸೀರಿಗಿ ಎಣ್ಣಿ ಸಿಡಿತೈತಿ. ಆ ಕಡಿ ಕುಂದ್ರು."

"ಸಿಡೀಲಿ. ಹಳೇ ಸೀರಿ."

ಕೆಳಗಿನ ಬೋಲ್ಟು ಬಿಚ್ಚಿದ. ಕರಿ ಎಣ್ಣೆ ಬಕೆಟ್ಟಿಗೆ ಸುರಿಯಿತು. ಅದನ್ನು ಮೇಲೆ ತರಿಸಿ, ನಾನು ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ, ಮೂಸಿ ನೋಡಿದೆ. ತಳ ಹಿಡಿದ ತುಪ್ಪದ ವಾಸನೆ. ಅದು ಸುಟ್ಟಿದೆ, ತೆಗೆಯಬೇಕಾದ್ದೇ. ಅಷ್ಟರ ಮಟ್ಟಿಗೆ ಮಿಸ್ತ್ರಿ ಸುಳ್ಳು ಹೇಳಿರಲಿಲ್ಲ. ಆಮೇಲೆ ಹೊಸ ಡಬ್ಬಿ ತೆರೆದ. ಒಳಗೆ ಕೆಂಪಗೆ, ಜಾತ್ರೆಯ ಶರಬತ್ತಿನ ಹಾಗೆ.

"ಇದಕ್ಕ ಬಣ್ಣ ಹಾಕ್ಯಾರ," ಅಂದೆ.

"ಹೌದವ್ವಾ, ಹಾಕ್ಯಾರ. ಕಂಪನಿಯಾಗೇ ಹಾಕ್ತಾರ. ಸೋರಿದ್ರ ಇದು ಗೇರಿನ ಎಣ್ಣಿ ಅಂತ ಗುರ್ತು ಸಿಗಲಿ ಅಂತ."

"ಕಲಬೆರಕಿ ಮಾಡಾವ್ರು ಯಾರರ ಸುಮ್ನ ಬಣ್ಣ ಹಾಕ್ತಾರೇನು? ಅವರೂ ಒಂದು ಕಾರಣ ಹೇಳೇ ಹೇಳ್ತಾರ."

ಅವನು ನಮ್ಮ ಮನೆಯವರ ಕಡೆ ನೋಡಿದ. "ಕಾಕಾ, ನೀವು ಮನ್ಯಾಗ ಊಟ ಹ್ಯಾಂಗ ಮಾಡ್ತೀರಿ? ತಟ್ಟಿಗಿ ಬಡಿಸಿದ ಮ್ಯಾಲ ಪಂಚನಾಮಿ ಆಗತೈತೇನು?"

"ಆಗತೈತಿ," ಅಂದರು ಅವರು. "ನೀ ನಿನ್ನ ಕೆಲಸ ಮಾಡು."

ಹೊಸ ಎಣ್ಣೆ ಪೂರ್ತಿ ಹಿಡಿಯುವುದಿಲ್ಲ ಅಂದ. ಹಳೇದು ಅರ್ಧಕ್ಕಿಂತ ಹೆಚ್ಚು ಒಳಗಿನ ಸಂದುಗಳಲ್ಲೇ ನಿಂತಿರುತ್ತದೆ. ಸ್ವಲ್ಪ ದಿನ ಓಡಿಸಿ ಮತ್ತೆ ಬರಬೇಕು, ಮತ್ತೆ ಕೆಳಗಿನದು ಇಳಿಸಿ ಹೊಸದು ಹಾಕಬೇಕು. ಒಮ್ಮೆಲೇ ಎಲ್ಲ ತೊಳೆದರೆ ಹಳೇ ಗೇರ್ ಬಾಕ್ಸ್ ತಡೆಯುವುದಿಲ್ಲ. ನನಗೆ ಕೇಳಿಸಿದ್ದು ಒಂದೇ ಮಾತು: ಮತ್ತೆ ಬರಬೇಕು. ಗಿರಾಕಿ ತಿರುಗಿ ಬರಬೇಕು ಅಂತ ಅರ್ಧ ಕೆಲಸ ಮಾಡುವವರನ್ನು ನಾನು ಬಹಳ ಕಂಡಿದ್ದೇನೆ.

ಕಡೆಗೆ ಅವನು ಮಾಡಿದ್ದು ನನ್ನ ಸಿಟ್ಟು ನೆತ್ತಿಗೇರಿಸಿತು. ಗಾಡಿ ರಸ್ತೆಯ ಮೇಲೆ ಓಡಿಸಿ ತಂದು, ಇಂಜಿನ್ ಚಾಲೂ ಇರುವಾಗಲೇ, ಎಲ್ಲ ಕಾದು ಹೊಗೆ ಬರುವ ಹಾಗಿರುವಾಗ, ಎಣ್ಣೆ ನೋಡುವ ಕಡ್ಡಿ ಎಳೆದು ತೋರಿಸಿದ. ಕಡ್ಡಿಗೆ ಗೆರೆ ಇದೆ, ಎಣ್ಣೆ ಗೆರೆಗೆ ಸರಿಯಾಗಿ ನಿಂತಿತ್ತು.

"ಬಿಸಿ ಇದ್ದಾಗ ಅಳೀತಾರೇನು? ಬಂದ್ ಮಾಡು, ತಣ್ಣಗಾಗಲಿ, ಆಮ್ಯಾಲ ನೋಡೂಣು," ಅಂದೆ.

"ಇದು ತುಪ್ಪಲ್ಲವ್ವಾ."

ಆ ಮಾತು ನನಗೆ ಸೇರಲಿಲ್ಲ. ತುಪ್ಪದ ವ್ಯಾಪಾರ ಮಾಡುವವರು ಬಿಸಿ ತುಪ್ಪ ಅಳೆದು ತಗೊಳ್ಳುವುದಿಲ್ಲ. ಕಾದ ತುಪ್ಪ ಉಬ್ಬುತ್ತದೆ, ಸೇರು ತುಂಬಿದ ಹಾಗೆ ಕಾಣುತ್ತದೆ, ಮನೆಗೆ ಬಂದು ತಣ್ಣಗಾದರೆ ಕೆಳಗೆ ಇಳಿದಿರುತ್ತದೆ. ಇಟಿಕ್ಯಾಲದಲ್ಲಿ ಒಬ್ಬಳು ನಾವು ಬರುವ ಹೊತ್ತಿಗೆ ಸರಿಯಾಗಿ ಒಲೆಯಿಂದ ಇಳಿಸುತ್ತಿದ್ದಳು. ನಾನು ಅವಳ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ತುಪ್ಪ ಹರಳುಗಟ್ಟುವ ತನಕ ಏಳುತ್ತಿರಲಿಲ್ಲ. ಕಡ್ಡಿ ತಳದ ತನಕ ಇಳಿಸಿ ನೋಡಿ ಆಮೇಲೆ ಡಬ್ಬಿ ಎತ್ತುತ್ತಿದ್ದೆ. ನನ್ನ ಅತ್ತೆಯೂ ಹಾಗೇ, ಅವರ ಅತ್ತೆಯೂ ಹಾಗೇ.

ಮರುದಿನ ಬೆಳಿಗ್ಗೆ ಗಾಡಿ ತಣ್ಣಗಿತ್ತು. ಬಾನೆಟ್ ಎತ್ತಿಸಿದೆ. ಇಂಜಿನ್ ಚಾಲೂ ಮಾಡಲಿಲ್ಲ. ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ಎಳೆದೆ. ತಣ್ಣಗಾಗಿ ಇಳಿದಿರಬೇಕಾದ ಎಣ್ಣೆ ಗೆರೆ ದಾಟಿ ಎಷ್ಟೋ ಮೇಲೆ ಹತ್ತಿತ್ತು.

"ನೋಡ್ರಿ," ಅಂದೆ.

ಅವರು ಊರುಗೋಲಿನ ಮೇಲೆ ಬಗ್ಗಿ ನೋಡಿದರು. "ಜಾಸ್ತಿ ಹಾಕ್ಯಾನ."

"ಯಾಕ ಹಾಕ್ತಾನ? ತನ್ನ ಎಣ್ಣಿ ತಾನು ಯಾಕ ಪುಕ್ಕಟೆ ಸುರೀತಾನ?"

ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಎಣ್ಣೆ ಹೆಚ್ಚಾದರೆ ಒಳಗಿನ ಸೀಲು ಒಡೆಯುತ್ತದೆ ಅಂತ ಟಯರ್ ಅಂಗಡಿಯವನೇ ಒಮ್ಮೆ ಹೇಳಿದ್ದ. ಸೀಲು ಒಡೆದರೆ ಗಾಡಿ ನಿಲ್ಲುತ್ತದೆ. ನಿಂತರೆ ಪಕ್ಕದ ಮನೆಯ ಮೈದುನ ಬಂದು, ಪಾಪ ಅನ್ನುತ್ತಾ ಕೀಲಿಕೈ ತಗೊಳ್ಳುತ್ತಾನೆ.

ಹಿತ್ತಲಲ್ಲಿ ನಮ್ಮವು ನಾಲ್ಕಾರು ಕುರಿ ಇವೆ. ಅವಕ್ಕೆ ಔಷಧಿ ಕುಡಿಸುವ ಪಿಚಕಾರಿ ತಂದು, ಬಿಸಿನೀರಲ್ಲಿ ತೊಳೆದು, ತುದಿಗೆ ಸಣ್ಣ ಪೈಪು ಸಿಕ್ಕಿಸಿದೆವು. ಕಡ್ಡಿಯ ತೂತಿನಿಂದ ಪೈಪು ಇಳಿಸಿ ಅವರು ಎಳೆದರು, ನಾನು ಬಾಟಲಿ ಹಿಡಿದೆ. ಎಣ್ಣೆ ಗೆರೆಗೆ ಸರಿಯಾಗುವ ತನಕ ತೆಗೆದೆವು. ಬಾಟಲಿ ತುಂಬುತ್ತಾ ಬಂತು. ಅದನ್ನು ನಾನು ಚೆಲ್ಲಲಿಲ್ಲ. ಮಿಸ್ತ್ರಿಯ ಮುಂದೆ ಇಟ್ಟು ಕೇಳಬೇಕಾಗಿತ್ತು.

ಅದೇ ದಿನ ಮಲ್ದಕಲ್‌ಗೆ ಹೋಗುವುದಿತ್ತು. ಮಕ್ತಲ್ ದಾಟುವಾಗ ಅವನ ಶೆಡ್ಡು ಇನ್ನೂ ತೆರೆದಿರಲಿಲ್ಲ, ತಿರುಗಿ ಬರುವಾಗ ನೋಡಿಕೊಳ್ಳೋಣ ಅಂದೆ. ಗಾಡಿ ಮೊದಲು ಚೆನ್ನಾಗಿಯೇ ಓಡಿತು. ಜೂರಾಲ ಡ್ಯಾಮ್ ದಾಟಿ, ಗದ್ವಾಲದ ಕಡೆ ಏರು ಬಂದಲ್ಲಿ ಇಂಜಿನ್ ಒದರತೊಡಗಿತು. ಒದರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಅವರು ಇನ್ನೂ ಒತ್ತಿದರು. ಇನ್ನೂ ಒದರಿತು. ಹಿಂದಕ್ಕೆ ಜಾರುವ ಹಾಗಾದಾಗ ಬ್ರೇಕ್ ತುಳಿದು ನಿಲ್ಲಿಸಿದರು.

ಒಂದು ಟ್ರಾಕ್ಟರ್ ನಿಂತಿತು. "ಏಮೈಂದಿ ಪೆದ್ದಾಯನಾ, ಏನಾತು? ಹಗ್ಗ ಕಟ್ಟಿ ಎಳೀಲೇನು?" ಅಂದ ಅದನ್ನು ಓಡಿಸುತ್ತಿದ್ದ ತೆಲುಗಿನವನು.

"ಬ್ಯಾಡ," ಅಂದರು ಇವರು. ಟ್ರಾಕ್ಟರ್ ಹೋಯಿತು. ಇವರು ಸ್ಟೇರಿಂಗ್ ಬಿಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮಂಚದ ಮೇಲಿದ್ದಾಗಿನ ಮುಖ ಅದು. ಮಿಸ್ತ್ರಿಗೆ ಫೋನ್ ಹಚ್ಚಿರಿ ಅಂದೆ. ಹಚ್ಚಿ, ನನಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

"ಕಾಕಾ, ಮೊದಲ ಎಕ್ಸಲೇಟರ್ ಮ್ಯಾಲಿಂದ ಕಾಲು ತಗೀರಿ," ಅಂದ ಅವನು. "ಒತ್ತಬ್ಯಾಡ್ರಿ, ಒಳಗ ಸುಡತೈತಿ. ಕಡ್ಡಿ ಯಾರರ ಮುಟ್ಟೀರೇನು?"

ಅವರು ಫೋನು ನನ್ನ ಕಡೆ ಹಿಡಿದರು. ನಾನು ಹೇಳಿದೆ. "ನಾವೇ ನೋಡೀವಿ. ನೀ ಜಾಸ್ತಿ ಹಾಕಿದ್ದಿ. ತಗದೀವಿ."

"ಇಂಜಿನ್ ಚಾಲೂ ಇತ್ತೇನು?"

"ಬಂದ್ ಇತ್ತು. ತಣ್ಣಗ ಇತ್ತು. ಖರೆ ಅಳತಿ ತಣ್ಣಗಿದ್ದಾಗೇ ಸಿಗೋದು."

ಆ ಕಡೆ ಸೋಂಪು ಅಗಿಯುವ ಸದ್ದು ನಿಂತಿತು. "ಅವ್ವಾ, ಇಂಜಿನ್ ನಿಂತಾಗ ಮ್ಯಾಲಿನ ಎಣ್ಣಿ ಕೆಳಗ ಇಳದಿರತೈತಿ. ಅದಕ್ಕ ಕಡ್ಡಿಗಿ ಜಾಸ್ತಿ ಕಾಣತೈತಿ. ಚಾಲೂ ಮಾಡಿದ್ರ ಅದು ಮ್ಯಾಲ ಹೋಗಿ ದುಡೀತೈತಿ, ಆಗ ಕೆಳಗ ಉಳಿದಿದ್ದು ನೋಡಬೇಕು. ಈಗ ಮ್ಯಾಲ ಹೋಗಾಕ ಎಣ್ಣಿನೇ ಇಲ್ಲ. ತಗದಿದ್ದು ಎಲ್ಲೈತಿ? ಚೆಲ್ಲಿದ್ರೇನು?"

"ನನ್ನ ಕೈಯಾಗೈತಿ."

"ಬಾಟ್ಲಿ ಸ್ವಚ್ಛ ಐತೇನು?"

"ನಿನ್ನ ಶೆಡ್ಡಿಗಿಂತ ಸ್ವಚ್ಛ ಐತಿ."

ಅವನು ಹೇಳಿದ ಹಾಗೆ ಮಾಡಿದೆವು. ಅವರು ಬ್ರೇಕ್ ತುಳಿದುಕೊಂಡು ಗೇರಿನ ಹಿಡಿಯನ್ನು ಒಂದೊಂದೇ ಜಾಗಕ್ಕೆ ಆಡಿಸಿ, ಗಾಡಿ ನಿಲ್ಲಿಸಿಡುವ 'ಪಾರ್ಕ್' ಜಾಗಕ್ಕೆ ತಂದರು. ಇಂಜಿನ್ ಚಾಲೂ ಇತ್ತು. ನಾನು ತುಪ್ಪದ ಲಾಳಿಕೆಯನ್ನು ಕಡ್ಡಿಯ ತೂತಿಗೆ ಇಟ್ಟು, ಸಣ್ಣಗೆ ಹೊಯ್ದೆ. ಒಮ್ಮೆ ಹೊಯ್ಯುವುದು, ಕಡ್ಡಿ ನೋಡುವುದು. ಕೈ ಸುಟ್ಟಿತು. ಬಾಟಲಿ ಖಾಲಿಯಾದಾಗ ಎಣ್ಣೆ ಗೆರೆಗೆ ಬಂತು, ಮಿಸ್ತ್ರಿ ಹಾಕಿದ ಜಾಗಕ್ಕೇ.

ಗೇರು ಹಾಕಿದರು. ಗಾಡಿ ಏರು ಹತ್ತಿತು. ಮಲ್ದಕಲ್‌ನಲ್ಲಿ ಆ ದಿನ ತುಪ್ಪ ನೋಡುವಾಗಲೂ ನನ್ನ ಕಿವಿ ಗಾಡಿಯ ಮೇಲೇ ಇತ್ತು.

ಅಳತೆ ಅವನದೇ ಸರಿ, ಒಪ್ಪಿದೆ. ಆದರೆ ಅಳತೆ ಸರಿಯಾದ ಮಾತ್ರಕ್ಕೆ ಮನುಷ್ಯ ಸರಿ ಅಂತ ಆಗುವುದಿಲ್ಲ. ಹೇಳಿದ ದಿನಕ್ಕೆ ಎರಡನೇ ಸಲ ಎಣ್ಣೆ ಬದಲಿಸಲು ಹೋದಾಗ ನೇರವಾಗಿ ಕೇಳಿದೆ.

"ನನ್ನ ಮೈದುನ ನಿನಗ ಏನರ ಹೇಳ್ಯಾನೇನು ಈ ಗಾಡಿ ಬಗ್ಗೆ?"

"ಹೇಳ್ಯಾನ. ವೈನಿ ಬಾಯಿ ಜೋರು, ಜ್ವಾಕಿ ಅಂದಾನ."

"ಮತ್ತ?"

"ಮತ್ತ ಅಣ್ಣನ ಗಾಡಿ ಛಲೋ ನೋಡು ಅಂದಾನ."

ಮೊದಲನೇದು ನಂಬಿದೆ. ಎರಡನೇದು ಪೂರ್ತಿ ನಂಬಲಿಲ್ಲ.

ಈ ಸಲ ಎಣ್ಣೆ ಇಳಿಸಿ, ಕೆಳಗಿನ ತಟ್ಟೆಯನ್ನೂ ಬಿಚ್ಚಿಸಿದೆ. ಅದರೊಳಗೆ ಒಂದು ಅಯಸ್ಕಾಂತ ಇರುತ್ತದೆ, ಕಬ್ಬಿಣದ ಪುಡಿ ಹಿಡಿಯಲು. ಅದಕ್ಕೆ ಬೂದಿಯಂಥ ಕೆಸರು ಹತ್ತಿತ್ತು. ಕೆಸರಿದ್ದರೆ ಹೆದರಿಕೆ ಇಲ್ಲ, ಸವಕಳಿ ಅಷ್ಟೇ ಅಂದ. ಬೆರಳಿಂದ ತಿಕ್ಕಿದೆ. ಒಂದೆರಡು ಹೊಳೆಯುವ ಚೂರು ಸಿಕ್ಕವು.

"ಇವು?"

ಅವನು ಬೆಳಕಿಗೆ ಹಿಡಿದ. ಸೋಂಪು ಉಗುಳಿದ. "ಇವು ಇರಬಾರದು."

"ಆ ದಿನ ಏರಿನ್ಯಾಗ ಒತ್ತಿದ್ದಕ್ಕ ಬಂದಾವೇನು, ಮೊದಲೇ ಇದ್ವೇನು?"

"ಅದು ಯಾರಿಗಿ ಗೊತ್ತಾಗತೈತವ್ವಾ? ಹೇಳಾಕ ಬರಂಗಿಲ್ಲ."

ಗೊತ್ತಿಲ್ಲ ಅಂತ ಅವನು ಅಂದದ್ದು ಅದೇ ಮೊದಲು. ನಮ್ಮ ತಲೆಯ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು, ಹಾಕಲಿಲ್ಲ. ಅವತ್ತು ಅವನ ಮಾತು ಅರ್ಧ ನಂಬಿದೆ.

"ಇನ್ನ ಎಷ್ಟು ದಿನ ಓಡತೈತಿ?" ಅಂತ ನಮ್ಮ ಮನೆಯವರು ಕೇಳಿದರು.

"ಕಾಕಾ, ಏರಿಗಿ ಒತ್ತಬ್ಯಾಡ್ರಿ, ತುಪ್ಪದ ಡಬ್ಬಿ ಮಿತಿ ಮೀರಿ ಹೇರಬ್ಯಾಡ್ರಿ. ಓಡತೈತಿ."

"ಓಡತೈತಿ ಅಂದ್ರ ಮಕ್ತಲ್ ತನಕ ಏನು, ಗದ್ವಾಲ ತನಕ?"

"ಗದ್ವಾಲ ತನಕ."

ಕಡ್ಡಿ ನಾನೇ ಎಳೆದೆ, ಬಿಸಿ ಇದ್ದಾಗ, ಇಂಜಿನ್ ಚಾಲೂ ಇದ್ದಾಗ. ಗೆರೆಗೆ ಸರಿಯಾಗಿತ್ತು. ಜಗ್ಗುವುದು ಬಹಳ ಮಟ್ಟಿಗೆ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಈಗಲೂ ಹೋಗಿಲ್ಲ.

ಮನೆಗೆ ಬರುವಷ್ಟರಲ್ಲಿ ಮೈದುನ ನಮ್ಮ ಗೇಟಿಗೆ ಅಡ್ಡ ಬೈಕು ನಿಲ್ಲಿಸಿಕೊಂಡು, ಅದರ ಮೇಲೇ ಕೂತಿದ್ದ. ಕಿಟಕಿಯ ಹತ್ತಿರ ಬಗ್ಗಿದ.

"ಏನಂದ ಅಣ್ಣಾ, ಮಿಸ್ತ್ರಿ? ಚೂರು ಬಂದಾವಂತಲ್ಲ. ಗಾಡಿ ಕೊಡೂದೇನು ಮತ್ತ?"

ನಾವು ಶೆಡ್ಡಿನಿಂದ ಸೀದಾ ಮನೆಗೆ ಬಂದಿದ್ದೆವು. ಚೂರಿನ ಸುದ್ದಿ ನಮಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ಮಿಸ್ತ್ರಿಯ ಮಾತಿನಲ್ಲಿ ನಂಬಿದ್ದ ಆ ಅರ್ಧದಲ್ಲೂ ಅರ್ಧ ಕತ್ತರಿಸಿದೆ.

ನಮ್ಮ ಮನೆಯವರು ಗೇರು ಮುಂದಕ್ಕೆ ಹಾಕಿ, ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡು, ಹಾರ್ನ್ ಒತ್ತಿ ಹಿಡಿದರು. ಅವನು ಎದ್ದು ಬೈಕು ಸರಿಸುವ ತನಕ ಬಿಡಲಿಲ್ಲ.