ಮೊಮ್ಮಗನ ಹಾಜರಿ ಹೇಳುತ್ತಿದ್ದ ಹುಡುಗ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ನಮ್ಮ ಭಜನಾ ಮಂಡಳಿಯವರು ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದಾಗಲೆಲ್ಲ ಮುಂಬಯಿ ಬಳಿಯ ರಬಾಳೆಯ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ದಿನಗಳ ಬಗ್ಗೆ ಬರೆದುಕೊಟ್ಟೆ. ಪ್ರತಿ ಸಲವೂ ಅದೇ ನಟ್ಟು ಬೋಲ್ಟು, ಅದೇ ಯೂನಿಯನ್ ಜಗಳ. ಓದಿದವರು ಚೆನ್ನಾಗಿದೆ ಎಂದರು. ಬರೆಯಬೇಕಾದದ್ದು ಅದಲ್ಲ ಎಂದು ನನಗೊಬ್ಬನಿಗೆ ಗೊತ್ತಿತ್ತು. ನಾನು ಮೆಟ್ರಿಕ್‌ವರೆಗೆ ಓದಿದವನು. ಚೆಂದ ಮಾಡಿ ಬರೆಯಲು ಬಾರದು, ತಪ್ಪಿಸಿಕೊಂಡು ಬರೆಯಲು ಮಾತ್ರ ಚೆನ್ನಾಗಿ ಬರುತ್ತದೆ.

ಎರಡು ಡಿಸೆಂಬರ್‌ಗಳ ಹಿಂದಿನ ಮಾತು. ಮೊಮ್ಮಗ ಆಗ ಎಂಟನೆಯ ತರಗತಿಯಲ್ಲಿದ್ದ. ಡೊಂಬಿವಲಿಯ ಪಾದ್ರಿಗಳ ಶಾಲೆ. ಮಗ ಠಾಣೆಗೆ, ಸೊಸೆ ಐರೋಲಿಗೆ ಬೆಳಗಿನ ಲೋಕಲ್ ಹಿಡಿದು ಹೋದರೆ ಮರಳುವುದು ಹುಡುಗನ ಊಟವಾದ ಮೇಲೆ. ಹೀಗಾಗಿ ಅವನಿಗೆ ಬಾಗಿಲು ತೆಗೆಯುವುದು, ತಿಂಡಿ ಕೊಡುವುದು, ಶಾಲೆಯವರು ಕರೆದರೆ ಹೋಗಿ ಕೂರುವುದು ಎಲ್ಲ ನನ್ನ ಕೆಲಸ.

ದೀಪಾವಳಿ ರಜೆ ಮುಗಿದು ಯೂನಿಟ್ ಟೆಸ್ಟ್ ಆಗುತ್ತಿದ್ದಂತೆ ಆ ಶಾಲೆಯಲ್ಲಿ ಕ್ರಿಸ್‌ಮಸ್ ಹತ್ತಿಕೊಳ್ಳುತ್ತದೆ. ಪಿ.ಟಿ. ಪೀರಿಯಡ್ ಹೋಗಿ ಹಾಡಿನ ತಾಲೀಮು ಬರುತ್ತದೆ. ಪ್ರತಿ ತರಗತಿಯ ಕಿಟಕಿಗೆ ಒಂದು ನಕ್ಷತ್ರ, ಅದನ್ನು ಮಕ್ಕಳೇ ಕಟ್ಟಬೇಕು. ಯಾರು ಯಾರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕೆಂದು ಚೀಟಿ ಎತ್ತುತ್ತಾರೆ, ಆ ಗುಟ್ಟು ಮಧ್ಯಾಹ್ನದ ಡಬ್ಬಿ ಬಿಚ್ಚುವ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ. ಇದರ ನಡುವೆ ಗಣಿತದ ಟ್ಯೂಷನ್, ಮರಾಠಿ ನಿಬಂಧ, ಸೋಮವಾರದ ಬಿಳಿ ಬೂಟು ಯಾವುದೂ ತಪ್ಪುವುದಿಲ್ಲ.

ರಜೆಗೆ ಮುಂಚಿನ ಕೊನೆಯ ದಿನ ಶಾಲೆಯ ಅಂಗಳದಲ್ಲಿ ಕಾರ್ಯಕ್ರಮ. ಮೇಳದ ಮಕ್ಕಳೆಲ್ಲ ಹಾಡಿನ ನಡುವೆ ಒಂದು ಕಡೆ ನಿಲ್ಲಿಸುತ್ತಾರೆ. ಆಗ ಒಬ್ಬನೇ, ವಾದ್ಯವೂ ಇಲ್ಲದೆ, ಎತ್ತರದ ದನಿಯಲ್ಲಿ ಒಂದು ಚರಣ ಹಾಡಬೇಕು. ಅವರು ಅದಕ್ಕೆ ಚರಣ ಎನ್ನುವುದಿಲ್ಲ, ನನಗೆ ಹಾಗೆಯೇ ತಿಳಿಯುವುದು. ಆ ವರ್ಷ ಅದು ನನ್ನ ಮೊಮ್ಮಗನಿಗೆ ಸಿಕ್ಕಿತ್ತು. ಗುರುವಾರದ ಭಜನೆಯಲ್ಲಿ ನಾನು ಅದನ್ನು ಹೇಳದೆ ಇರಲಾರದೆ ಹೋದೆ.

"ಏನ್ರೀ, ಮೊಮ್ಮಗ ಇಂಗ್ಲಿಷ್ ಭಜನಿ ಹಾಡ್ತಾನಂತ?" ಎಂದು ತಬಲಾದವರು ಕೆಣಕಿದರು.

"ಹೂಂ. ಒಬ್ಬನ ಹಾಡ್ತಾನ. ನಿಮ್ಮಂಗ ಗುಂಪಿನಾಗ ದನಿ ಮುಚ್ಕೊಂಡಲ್ಲ."

"ಹಂಗಾದ್ರ ನಡೀರಿ, ಮಂಡಳಿ ಮಂದಿಯೆಲ್ಲಾ ಹೋಗೂಣು. ನೋಡೇ ಬಿಡೂಣು."

ಬನ್ನಿ ಎಂದೆ. ಪಾಸುಗಳನ್ನೂ ತರಿಸಿಕೊಟ್ಟೆ.

ಅದಾದ ವಾರದಲ್ಲೇ ಹುಡುಗನ ದನಿ ಒಡೆಯತೊಡಗಿತು. ಒಂದು ಸಂಜೆ ಬಾಗಿಲಲ್ಲಿ ನಿಂತು ಬೂಟು ಬಿಚ್ಚುತ್ತ ನೀರು ಕೇಳಿದ. ಆ ಒಂದು ಮಾತೇ ಮೇಲೆ ಹಾರಿ ಕೆಳಗೆ ಬಿತ್ತು. ನಾನು ನೋಡಿದೆ, ಅವನೂ ನೋಡಿದ. ಒಳಗೆ ಬಂದು ನನ್ನ ಮಂಚದ ಮೇಲೆ ಕುಳಿತು, ಅರ್ಧ ಪಿಸುಮಾತಿನಲ್ಲಿ, "ಅಜ್ಜಾ, ಕಿಸೀಕೋ ಮತ್ ಬೋಲ್ನಾ. ಮಮ್ಮೀಕೋ ಭೀ ನಹೀ" ಎಂದ. ಯಾರಿಗೂ ಹೇಳುವುದಿಲ್ಲ ಎಂದೆ. ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದೆ.

ಗೊತ್ತಿದ್ದವನು ಇನ್ನೊಬ್ಬ, ಅವನ ಬೆಂಚಿನ ಜೊತೆಗಾರ. ಸ್ಟೇಷನ್ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಉಡುಪಿಯವರ ಮಗ. ಮನೆಯಲ್ಲಿ ತುಳು, ಹೋಟೆಲಿನ ಹುಡುಗರೊಡನೆ ಕನ್ನಡ, ಶಾಲೆಯಲ್ಲಿ ಹಿಂದಿ. ನನ್ನ ಮೊಮ್ಮಗ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವನು. ಈ ಹುಡುಗ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ. ಅದಕ್ಕೇ ಅವನೆಂದರೆ ನನಗೆ ಪ್ರೀತಿ, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಇಬ್ಬರೂ ಸೇರಿ ಒಂದು ಉಪಾಯ ಹೂಡಿದರು. ಮೊಮ್ಮಗ ದಿನವಿಡೀ ಮಾತಾಡಕೂಡದು. ದನಿಯನ್ನು ಕೂಡಿಟ್ಟು ಆ ಒಂದು ಚರಣಕ್ಕೆ ಖರ್ಚು ಮಾಡಬೇಕು. ಮಾತಾಡುವುದೆಲ್ಲ ಜೊತೆಗಾರನ ಪಾಲು. ಕ್ಯಾಂಟೀನಿನಲ್ಲಿ ಇವನಿಗೆ ವಡಾಪಾವ್ ಕೇಳುವವನು ಅವನು, ವಿಜ್ಞಾನದ ಮಿಸ್‌ಗೆ ಇವನ ಸಂದೇಹ ಕೇಳುವವನೂ ಅವನೇ. ಬೆಳಿಗ್ಗೆ ಹಾಜರಿ ಕೂಗಿದಾಗ ತನ್ನ ಹೆಸರಿಗೊಂದು ದನಿ, ಇವನ ಹೆಸರಿಗೆ ತಲೆ ತಗ್ಗಿಸಿ ಇನ್ನೊಂದು ದನಿ ಮಾಡಿ 'ಪ್ರೆಸೆಂಟ್ ಮಿಸ್' ಎನ್ನುತ್ತಿದ್ದ. ಸಿಕ್ಕಿಬಿದ್ದು ತರಗತಿಯ ಹೊರಗೆ ನಿಂತದ್ದೂ ಆಯಿತು.

"ಯಾಕೋ, ಬೈಸ್ಕೊಂಡ್ಯಾ?" ಎಂದು ನಾನು ಅವಲಕ್ಕಿ ತಟ್ಟೆ ಮುಂದಿಟ್ಟು ಕೇಳಿದರೆ ಅವನು ನಗುತ್ತಿದ್ದ.

"ಎಂತ ಮಾಡೂದು ಅಜ್ಜ, ಇವ ಸೈಲೆಂಟ್ ಮೋಡಲ್ಲಿ ಇದ್ದಾನೆ. ಇವನ ಸ್ಪೀಕರ್ ನಾನೇ. ಚಾರ್ಜ್ ಕೂಡ ನಂದೇ ಹೋಗ್ತಾ ಉಂಟು."

ಮೊಮ್ಮಗ ಬಾಯಿ ಮುಚ್ಚಿಕೊಂಡೇ ನಕ್ಕು ಅವನ ಬೆನ್ನಿಗೆ ಗುದ್ದುತ್ತಿದ್ದ. ತಮ್ಮ ತರಗತಿಯ ನಕ್ಷತ್ರವನ್ನು ಅವರು ನಮ್ಮ ಮನೆಯ ಹಾಲಿನಲ್ಲೇ ಕಟ್ಟುತ್ತಿದ್ದರು. ಬಿದಿರು ಕಡ್ಡಿ, ದಾರ, ಕೆಂಪು ಜಿಲೆಟಿನ್ ಕಾಗದ. ಫ್ಯಾನು ಹಾಕಿದರೆ ಕಾಗದ ಹಾರುತ್ತದೆಂದು ಸೆಕೆಯಲ್ಲೇ ಕೂರುತ್ತಿದ್ದರು. ತಾಲೀಮಿನಲ್ಲಿ ಮೊಮ್ಮಗ ನೆಗಡಿ ಎಂದು ಹೇಳಿ ಬರೀ ತುಟಿ ಆಡಿಸುತ್ತಿದ್ದ. ಮಿಸ್ ಅದನ್ನು ನಂಬಿದ್ದರು.

ನಾನು ಮಾತ್ರ ಆ ದಿನಗಳಲ್ಲಿ ಸರಿಯಾಗಿ ನಿದ್ದೆ ಮಾಡಲಿಲ್ಲ. ವಿಜಾಪುರದ ಕಡೆಯ ನಮ್ಮೂರಲ್ಲಿ ಇದೇ ವಯಸ್ಸಿನಲ್ಲಿ, ಶ್ರಾವಣದ ಭಜನೆಯಲ್ಲಿ, ಎಲ್ಲರೆದುರು ನನ್ನ ದನಿ ಒಡೆದಿತ್ತು. ಮಂದಿ ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ನನ್ನನ್ನು ಹುಂಜ ಎಂದು ಕರೆದರು, ಮುಂಬಯಿ ರೈಲು ಹತ್ತುವವರೆಗೂ ಕರೆದರು. ಮೊಮ್ಮಗನಿಗೆ ಹಾಗಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನನ್ನ ಕಣ್ಣಿಗೆ ಬರುತ್ತಿದ್ದದ್ದು ಪಾಸು ಹಿಡಿದು ಮುಂದಿನ ಸಾಲಿನಲ್ಲಿ ಕುಳಿತ ಮಂಡಳಿಯವರು, ಅವರ ನಡುವೆ ಕುಳಿತ ನಾನು. ಅವರು ನಕ್ಕರೆ ನಾನು ಮುಖ ಎಲ್ಲಿಡಲಿ ಎಂಬುದೇ ನನ್ನ ಚಿಂತೆ.

ಆ ಶನಿವಾರ ಓಪನ್ ಹೌಸ್. ಉತ್ತರಪತ್ರಿಕೆ ನೋಡಿ ಸಹಿ ಹಾಕಿ ಬರುವಾಗ ಕಾರಿಡಾರಿನಲ್ಲಿ ಹಾಡಿನ ಮಿಸ್ ಸಿಕ್ಕರು. ಸ್ಟೂಲಿನ ಮೇಲೆ ನಿಂತು ತೋರಣ ಕಟ್ಟುತ್ತಿದ್ದರು. ನಾನು ಹಿಂದಿಯಲ್ಲಿ ಎಲ್ಲ ಹೇಳಿದೆ. ಹುಡುಗನ ದನಿ ಒಡೆದಿದೆ, ನೆಗಡಿಯಲ್ಲ, ನಿಮ್ಮಿಂದ ಮುಚ್ಚಿಡುತ್ತಿದ್ದಾನೆ ಎಂದೆ. ಹೇಳಿದ್ದು ನಾನೆಂದು ಅವನಿಗೆ ತಿಳಿಯಬಾರದು ಎಂದೂ ಕೇಳಿಕೊಂಡೆ. ಆಕೆ ಒಳ್ಳೆಯವರು. ಈ ವಯಸ್ಸಿನಲ್ಲಿ ಇದು ಸಹಜ, ನೀವು ಚಿಂತಿಸಬೇಡಿ ಎಂದರು. ಕೊಟ್ಟ ಮಾತನ್ನೂ ಉಳಿಸಿಕೊಂಡರು.

ಸೋಮವಾರದ ತಾಲೀಮಿನಲ್ಲಿ ಅವರು ಅವನನ್ನು ಮುಂದೆ ಕರೆದು ಆ ಚರಣವನ್ನು ಹಾಡಿಸಿದರು. ಎತ್ತರದ ಸ್ವರಕ್ಕೆ ಬರುವಷ್ಟರಲ್ಲಿ ದನಿ ಕೈಕೊಟ್ಟಿತು. ಇಡೀ ಮೇಳ ನಕ್ಕಿತಂತೆ. ಮಿಸ್ ಅವರನ್ನು ಗದರಿಸಿ ಇವನನ್ನು ಹಿಂದಿನ ಸಾಲಿಗೆ ಕಳಿಸಿದರು. ಚರಣವನ್ನು ಯಾರಿಗೆ ಕೊಡುವುದು? ಇವನಿಗೆ ಮನೆಯಲ್ಲಿ ಪಾಠ ಮಾಡಿಸುತ್ತ ಸಾಲುಗಳೆಲ್ಲ ಬಾಯಿಗೆ ಬಂದಿದ್ದವನು ಒಬ್ಬನೇ ಇದ್ದ. ಮೇಳದಲ್ಲೇ ಇದ್ದ, ದನಿ ಇನ್ನೂ ಒಡೆಯದ ಆ ಜೊತೆಗಾರನಿಗೆ ಕೊಟ್ಟರು.

ಮೊಮ್ಮಗ ಅವತ್ತು ಒಬ್ಬನೇ ಮನೆಗೆ ಬಂದ. ಚೀಲ ಎಸೆದು, ನಕ್ಷತ್ರದ ಪಕ್ಕ ಹೋಗಿ ನಿಂತ. ಎಷ್ಟೋ ದಿನಗಳ ಮೇಲೆ ಜೋರಾಗಿ ಮಾತಾಡಿದ. ದನಿ ಎಲ್ಲೆಲ್ಲೋ ಹೋಗುತ್ತಿತ್ತು, ಅವನಿಗೆ ಅದರ ಪರಿವೆ ಇರಲಿಲ್ಲ. ತನ್ನ ಜಾಗ ಕಸಿಯಲು ಜೊತೆಗಾರನೇ ಮಿಸ್‌ಗೆ ಚಾಡಿ ಹೇಳಿದ್ದಾನೆ ಎಂದ. ನಂತರ ನನ್ನ ಕಡೆ ತಿರುಗಿ, ಹೇಳಿದ್ದು ಅವನೇ ತಾನೆ ಎನ್ನುವಂತೆ, "ಉಸೀನೇ ಬೋಲಾ ಹೋಗಾ ನಾ, ಅಜ್ಜಾ?" ಎಂದು ಕೇಳಿದ.

ಕೇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅಲ್ಲ ಎನ್ನಲಿ ಎಂದು ಅವನು ಕಾಯುತ್ತಿದ್ದ. ಅಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತಿತ್ತು.

"ಇದ್ರೂ ಇದ್ದೀತು" ಎಂದೆ.

ಮಿಸ್‌ಗೆ ಹೇಳಿದ್ದನ್ನು ಯಾರಾದರೂ ಕ್ಷಮಿಸಬಹುದು, ಮುದುಕನ ಹೆದರಿಕೆ ಎನ್ನಬಹುದು. ಈ ಮಾತಿಗೆ ಅಂಥ ನೆಪ ಯಾವುದೂ ಇಲ್ಲ.

ಮರುದಿನ ಮೊಮ್ಮಗ ಬೆಂಚು ಬದಲಿಸಿದ. ಅರ್ಧ ಕಟ್ಟಿದ ನಕ್ಷತ್ರ ನಮ್ಮ ಹಾಲಿನಲ್ಲೇ ಇತ್ತು. ಎರಡು ದಿನ ಬಿಟ್ಟು ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಜೊತೆಗಾರ. ಮೊಮ್ಮಗ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ.

"ನಕ್ಷತ್ರ ಕೊಡ್ತೀರಾ ಅಜ್ಜ? ನಾಳೆ ಕಿಟಕಿಗೆ ಕಟ್ಬೇಕಂತೆ."

ತಂದುಕೊಟ್ಟೆ. ಅವನು ಹೋಗಲಿಲ್ಲ.

"ಅಜ್ಜ, ನಾನು ಮಿಸ್‌ಗೆ ಎಂತದೂ ಹೇಳ್ಲಿಲ್ಲ. ದೇವರಾಣೆ. ನೀವೊಮ್ಮೆ ಇವನಿಗೆ ಹೇಳಿ. ನಿಮ್ಮ ಮಾತು ಕೇಳ್ತಾನೆ."

"ಹುಡುಗರ ಜಗಳದಾಗ ನಾ ಬರೂದಿಲ್ಲಪ. ನಿಮ್ಮದು ನೀವ ಬಗೀಹರಿಸ್ಕೊಳ್ರಿ."

"ಗೊತ್ತಿದ್ದದ್ದು ನಮಗೆ ಮೂರೇ ಜನಕ್ಕೆ ಅಲ್ವಾ ಅಜ್ಜ. ಇವ ಹೇಳೂದಿಲ್ಲ, ನಾನು ಹೇಳ್ಲಿಲ್ಲ..."

ಅಲ್ಲಿಗೆ ನಿಲ್ಲಿಸಿದ. ನನ್ನ ಮುಖ ನೋಡಿದ. ನಾನು ನಕ್ಷತ್ರದ ಒಂದು ಮೂಲೆಯಲ್ಲಿ ಸಡಿಲವಾಗಿದ್ದ ದಾರವನ್ನು ಬಿಗಿಯುತ್ತ ನಿಂತೆ. ಅವನಿಗೆ ಆಗಲೇ ತಿಳಿಯಿತು. ಹದಿಮೂರು ಹದಿನಾಲ್ಕರ ಹುಡುಗ, ಕೂಗಬಹುದಿತ್ತು, ಒಳಗಿನ ಕೋಣೆಗೆ ಕೇಳುವಂತೆ ಒಂದೇ ಮಾತು ಅನ್ನಬಹುದಿತ್ತು.

"ಸರಿ ಅಜ್ಜ. ಬರ್ತೇನೆ" ಎಂದ. ನಕ್ಷತ್ರ ಲಿಫ್ಟಿನಲ್ಲಿ ಹಿಡಿಸದೆಂದು ಅದನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದು ಹೋದ.

ಕಾರ್ಯಕ್ರಮದ ದಿನ ಬೆಳಿಗ್ಗೆ ಮೊಮ್ಮಗ ಬಚ್ಚಲಲ್ಲಿದ್ದ. ನಲ್ಲಿಯ ಸದ್ದಿನ ಹಿಂದೆ ಅವನು ಹಾಡುವುದು ಕೇಳಿಸಿತು. ಇಡೀ ಚರಣವನ್ನು, ಆ ಎತ್ತರದ ಸ್ವರವನ್ನೂ ಸೇರಿಸಿ, ಒಂದೂ ಬಿರುಕಿಲ್ಲದೆ ಹಾಡಿದ. ಸಂಜೆಯೂ ಹಾಗೆಯೇ ಹಾಡುತ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು. ಗೊತ್ತಾಗದ ಹಾಗೆ ಮಾಡಿದವನು ನಾನು.

ಸಂಜೆ ಮಂಡಳಿಯವರೊಡನೆ ಮುಂದಿನ ಸಾಲಿನಲ್ಲಿ ಕುಳಿತೆ. ಹೋಟೆಲಿನವರ ಮಗ ಚೆನ್ನಾಗಿಯೇ ಹಾಡಿದ. ಹಾಡಿನ ನಡುವೆ ಎರಡು ಸಲ ಹಿಂದಿನ ಸಾಲಿನ ಕಡೆ ನೋಡಿದ. ನನ್ನ ಮೊಮ್ಮಗ ತನ್ನ ಬೂಟು ನೋಡುತ್ತಿದ್ದ.

"ಏನ್ರೀ ಇದು, ಹಾಡಾವ ಇವ ಅಲ್ಲಲ್ರೀ! ನಿಮ್ಮ ಹುಡುಗ ಎಲ್ಲಿ ಅದಾನ?" ಎಂದು ತಬಲಾದವರು ಕಿವಿಯ ಹತ್ತಿರ ಕೇಳಿದರು.

"ಹಿಂದಿನ ಸಾಲಿನಾಗ."

"ಗುಂಪಿನಾಗ ದನಿ ಮುಚ್ಕೊಂಡು!" ಎಂದು ಅವರು ನಕ್ಕರು. ಸುತ್ತಲಿನವರೂ ನಕ್ಕರು. ನಾನೂ ನಕ್ಕೆ. ಹಾಡು ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಹುಡುಗರಿಬ್ಬರೂ ಈಗ ಹತ್ತನೆಯ ತರಗತಿ. ಒಂದೇ ಟ್ಯೂಷನ್‌ಗೆ ಬೇರೆ ಬೇರೆ ದಾರಿಯಲ್ಲಿ ಹೋಗುತ್ತಾರೆ. ಮೊಮ್ಮಗನ ದನಿ ಇಳಿದು ನಿಂತಿದೆ, ಒಳ್ಳೆಯ ಗಂಡು ದನಿ. ಹಾಡುವುದಿಲ್ಲ. ಈ ದೀಪಾವಳಿಯಲ್ಲಿ ಗೂಡುದೀಪ ಕಟ್ಟಲು ನಾವಿಬ್ಬರೇ ಕುಳಿತಿದ್ದಾಗ ಅವನಿಗೆ ಎಲ್ಲ ಹೇಳಿಬಿಟ್ಟೆ. ಕೈ ಮುಗಿದೆ. ಅವನು ಕಡ್ಡಿಗೆ ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತುತ್ತಲೇ ಕೇಳಿದ, ಕನ್ನಡದಲ್ಲೇ ಕೇಳಿದ.

"ಅವಂಗ ಹೇಳಿದ್ಯಾ?"

ಇಲ್ಲ ಎಂದೆ.

"ಮತ್ತ ನಂಗ್ಯಾಕ ಹೇಳ್ತೀ?"

ಅವನೂ ಹೋಗಿ ಜೊತೆಗಾರನನ್ನು ಮಾತಾಡಿಸಿಲ್ಲ. ಎರಡು ವರ್ಷ ಮುಖ ತಿರುಗಿಸಿ ನಡೆದವನಿಗೆ ಈಗ ಯಾವ ಮುಖ ಹೊತ್ತು ಹೋಗಬೇಕೋ ತಿಳಿಯದು. ಆ ಸಂಕೋಚವನ್ನೂ ನಾನೇ ಕೊಟ್ಟದ್ದು.

ಮತ್ತೆ ಡಿಸೆಂಬರ್ ಬಂದಿದೆ. ಶಾಲೆಯ ಕಿಟಕಿಗಳಲ್ಲಿ ನಕ್ಷತ್ರ ಕಟ್ಟಿದ್ದಾರೆ. ಸಂಜೆಯ ಚಹಾಕ್ಕೆ ನಾನು ಇಂದಿಗೂ ಅದೇ ಹೋಟೆಲಿಗೆ ಹೋಗುತ್ತೇನೆ. ತಂದೆ ಒಳಗಿದ್ದಾಗ ಗಲ್ಲಾದಲ್ಲಿ ಆ ಹುಡುಗ ಕೂರುತ್ತಾನೆ, ತೊಡೆಯ ಮೇಲೆ ಪಠ್ಯಪುಸ್ತಕ ಇಟ್ಟುಕೊಂಡು. ನನ್ನನ್ನು ಕಂಡರೆ ಎದ್ದು ಒಳಕ್ಕೆ ಕೂಗುತ್ತಾನೆ, "ಅಜ್ಜನಿಗೆ ಒಂದು ಚಾ, ಸಕ್ಕರೆ ಬೇಡ." ನಾನು ಕೇಳುವ ಮೊದಲೇ ನನ್ನ ಪರವಾಗಿ ಹೇಳುತ್ತಾನೆ. ನಾನು ಚಹಾ ಕುಡಿದು, ಇವತ್ತು ಹೇಳುತ್ತೇನೆ ಎಂದುಕೊಂಡು, ಚಿಲ್ಲರೆ ಇಟ್ಟು ಬರುತ್ತೇನೆ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವನಲ್ಲಿ, ಗಲ್ಲಾದ ಹಿಂದೆ ಕುಳಿತ ಆ ಹುಡುಗನಲ್ಲಿ.